ಬಟ್ಟೆ ಒಗೆಯುವ ತಾಯಿಯ ಮಗಳು ಅನ್ನಾ ಪಾವ್ಲೊವಾ

ನಿಮ್ಮ ಮನೆಯಲ್ಲಿ ಎಂಟು ವರ್ಷದ ಮಗಳೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ದುಡಿದು ತರುವ ಗಂಡಸು ಮನೆಯಲ್ಲಿಲ್ಲ. ತಾಯಿಯಾದ ನೀವು ಬೇರೆಯವರ ಬಟ್ಟೆ ಒಗೆದು ಸಂಸಾರ ತೂಗಿಸುತ್ತಿದ್ದೀರಿ. ಹುಡುಗಿಯೋ ಹುಟ್ಟಿನಿಂದಲೇ ಬಡಕಲು. ಒಂದು ದಿನ ಆಕೆ ನಿಮ್ಮ ಸೆರಗು ಹಿಡಿದು, ತಾನು ನರ್ತಕಿಯೇ ಆಗಬೇಕು, ಬೇರೇನೂ ಬೇಡ ಎಂದು ಹಟ ಹಿಡಿದರೆ ನೀವು ಏನು ಮಾಡುವಿರಿ? ನಮ್ಮಲ್ಲಿ ಹೆಚ್ಚಿನವರು ಗದರಿಸಿ ಪುಸ್ತಕದ ಮುಂದೆ ಕೂರಿಸುತ್ತೇವೆ. ಹಾಗೆ ಮಾಡುವವರನ್ನು ದೂರುವಂತೆಯೂ ಇಲ್ಲ. ನಾಳೆಯ ಅನ್ನದ ಚಿಂತೆ ಇರುವ ಮನೆಯಲ್ಲಿ ಕಲೆ ಎಂಬುದು ದೂರದ ಮಾತು.

ರಷ್ಯದ ಅಂದಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ, 1890ರ ಸುಮಾರಿಗೆ, ಲ್ಯುಬೋವ್ ಫ್ಯೊದೊರೊವ್ನಾ ಎಂಬ ತಾಯಿಗೆ ಇದೇ ಪ್ರಶ್ನೆ ಎದುರಾಯಿತು. ಆಕೆಯ ಮಗಳೇ ಮುಂದೆ ಜಗತ್ತೆಲ್ಲ ಹೆಸರಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೊವಾ. ಬ್ಯಾಲೆ ನೋಡದವರೂ ಸಾಯುವ ಹಂಸದ ನೃತ್ಯವನ್ನೂ ಆ ಹೆಸರನ್ನೂ ಒಟ್ಟಿಗೆ ಕೇಳಿರುತ್ತಾರೆ. ಆದರೆ ಶಾಲೆಯಲ್ಲಿ ಕಲಿಯುವ ಹುಡುಗಿ ವೃತ್ತಿಯ ನರ್ತಕಿಯಾಗುವ ದಾರಿ ಎಷ್ಟು ದೂರದ್ದು, ಆಕೆ ಅದನ್ನು ಹೇಗೆ ನಡೆದಳು ಎಂಬುದು ಅಷ್ಟಾಗಿ ತಿಳಿದಿಲ್ಲ.

ಅನ್ನಾ ಹುಟ್ಟಿದ್ದು 1881ರ ಫೆಬ್ರವರಿ 12ರಂದು. ರಷ್ಯದವರ ಹಳೆಯ ಪಂಚಾಂಗದಂತೆ ಅದು ಜನವರಿ 31. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಬದುಕುವ ಭರವಸೆ ಇರಲಿಲ್ಲವಾದ್ದರಿಂದ ಮೂರನೆಯ ದಿನವೇ ದೀಕ್ಷಾಸ್ನಾನ ಕೊಡಿಸಿದರು. ಬಾಲಯೇಸುವನ್ನು ದೇವಾಲಯದಲ್ಲಿ ಕಂಡು ದೇವರನ್ನು ಕೊಂಡಾಡಿದ ಮುದಿ ಪ್ರವಾದಿನಿ ಅನ್ನಳನ್ನು ಅಲ್ಲಿನ ಆರ್ಥೊಡಾಕ್ಸ್ ಸಭೆ ಸ್ಮರಿಸುವ ಸಮಯವದು. ಆ ಹೆಸರೇ ಮಗುವಿಗೆ ಬಂತು. ತಿಂಗಳುಗಟ್ಟಲೆ ಅದನ್ನು ಹತ್ತಿಯಲ್ಲಿ ಸುತ್ತಿಟ್ಟು ಉಳಿಸಿಕೊಂಡರಂತೆ. ತಂದೆಯ ವಿಷಯದಲ್ಲಿ ಜನ ನಾನಾ ಮಾತಾಡಿದ್ದಾರೆ, ಅದು ನಮಗೆ ಬೇಡ. ತನಗೆ ಎರಡು ವರ್ಷವಾಗಿದ್ದಾಗ ತಂದೆ ತೀರಿಹೋದರು ಎಂದು ಆಕೆ ಹೇಳಿಕೊಳ್ಳುತ್ತಿದ್ದಳು. ಊರ ಹೊರಗಿನ ಲೀಗೊವೊ ಎಂಬಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆದಳು.

ಎಂಟು ವರ್ಷದವಳಿದ್ದಾಗ ತಾಯಿ ಹೇಗೋ ಹಣ ಹೊಂದಿಸಿ ಮಗಳನ್ನು ಮಾರಿಯಿನ್‌ಸ್ಕಿ ನಾಟಕಶಾಲೆಗೆ ಕರೆದುಕೊಂಡು ಹೋದಳು. ಅಂದು ಅಲ್ಲಿ ಚೈಕೋವ್‌ಸ್ಕಿಯವರ ಸಂಗೀತದ, ಮಲಗಿದ ರಾಜಕುಮಾರಿಯ ಕಥೆಯ ಹೊಸ ಬ್ಯಾಲೆ ನಡೆಯುತ್ತಿತ್ತು. ರಂಗದ ಮೇಲೆ ಹುಡುಗ ಹುಡುಗಿಯರ ಗುಂಪು ಕುಣಿಯುವುದನ್ನು ಕಂಡು, ನಿನಗೂ ಹಾಗೆ ಕುಣಿಯುವ ಆಸೆಯೇ ಎಂದು ತಾಯಿ ಕೇಳಿದಳಂತೆ. ತನಗೆ ಗುಂಪಿನಲ್ಲಿ ಕುಣಿಯುವುದು ಬೇಡ, ರಾಜಕುಮಾರಿಯಂತೆ ಒಬ್ಬಳೇ ಕುಣಿಯಬೇಕು ಎಂದು ಮಗಳು ಉತ್ತರಿಸಿದಳಂತೆ. ಮಕ್ಕಳ ಇಂಥ ಮಾತಿಗೆ ನಾವು ನಕ್ಕು ಸುಮ್ಮನಾಗುತ್ತೇವೆ. ಈ ಮಗು ಮಾತ್ರ ಸುಮ್ಮನಾಗಲಿಲ್ಲ.

ತಾಯಿ ಕೊನೆಗೆ ಮಗಳ ಕೈ ಹಿಡಿದುಕೊಂಡು ಚಕ್ರವರ್ತಿಯ ಸರ್ಕಾರ ನಡೆಸುತ್ತಿದ್ದ ನೃತ್ಯಶಾಲೆಗೆ ಹೋದಳು. 1738ರಲ್ಲಿ ಶುರುವಾಗಿದ್ದ ಆ ಶಾಲೆಯಲ್ಲಿ ಊಟ, ವಸತಿ, ವಿದ್ಯೆ ಎಲ್ಲವೂ ಸರ್ಕಾರದ ಖರ್ಚು. ಬಡವರ ಮಕ್ಕಳಿಗೂ ಪ್ರವೇಶವಿತ್ತು. ಆದರೆ ವಯಸ್ಸು ಸಾಲದು, ಮೈಯಲ್ಲಿ ಆರೋಗ್ಯವಿಲ್ಲ ಎಂದು ಅನ್ನಾಳನ್ನು ಹಿಂದಕ್ಕೆ ಕಳುಹಿಸಿದರು. ಬಾಗಿಲು ಮುಚ್ಚಿದರೆ ಮಕ್ಕಳ ಹಂಬಲ ಆರುವುದುಂಟು. ಇಲ್ಲಿ ಹಾಗಾಗಲಿಲ್ಲ. 1891ರಲ್ಲಿ, ಹತ್ತು ವರ್ಷ ತುಂಬಿದ ಮೇಲೆ, ತಾಯಿ ಮಗಳು ಮತ್ತೆ ಅದೇ ಬಾಗಿಲಿಗೆ ಹೋದರು. ಈ ಸಲ ತೆಗೆದುಕೊಂಡರು. ಅಲ್ಲಿಗೆ ತಾಯಿಯ ಮನೆ ಖಾಲಿಯಾಯಿತು. ಮಗಳು ಇನ್ನು ಶಾಲೆಯವಳು. ತಾಯಿಗೆ ಆಕೆಯನ್ನು ಕಾಣಲು ಸಿಗುವುದು ಬಿಡುವಿನ ದಿನಗಳಲ್ಲಿ ಮಾತ್ರ. ಮಗನನ್ನೋ ಮಗಳನ್ನೋ ಚಿಕ್ಕವಯಸ್ಸಿನಲ್ಲೇ ಗುರುಮಠಕ್ಕೆ, ಕಾನ್ವೆಂಟಿಗೆ, ಹಾಸ್ಟೆಲಿಗೆ ಕಳುಹಿಸಿದ ತಾಯಂದಿರಿಗೆ ಆ ಖಾಲಿ ಮನೆ ಎಂಥದೆಂದು ನಾನು ಹೇಳಬೇಕಾಗಿಲ್ಲ.

ಶಾಲೆಯೊಳಗೆ ಆಕೆಗೆ ಸುಖವಿರಲಿಲ್ಲ. ಗೋಡೆಯುದ್ದಕ್ಕೂ ಹಾಯಿಸಿದ ಮರದ ಕಂಬಿಯನ್ನು ಹಿಡಿದು, ಮಂಡಿ ಬಗ್ಗಿಸುವುದು, ಕಾಲು ಚಾಚುವುದು, ಪಾದವನ್ನು ಹೊರಕ್ಕೆ ತಿರುಗಿಸುವುದು, ಹೀಗೆ ಅದದೇ ಅಭ್ಯಾಸವನ್ನು ವರ್ಷಗಟ್ಟಲೆ ಮಾಡಬೇಕು. ಅದಕ್ಕಿಂತ ದೊಡ್ಡ ಕಷ್ಟ ಆಕೆಯ ಮೈಕಟ್ಟು. ಆ ಕಾಲಕ್ಕೆ ಗಟ್ಟಿಮುಟ್ಟಾದ, ಗಿಡ್ಡ ನಿಲುವಿನ, ಮಾಂಸಖಂಡ ತುಂಬಿದ ನರ್ತಕಿಯರೇ ಮಾದರಿ. ಅನ್ನಾಳದು ಉದ್ದ ಕೈಕಾಲು, ಸಣಕಲು ಕಣಕಾಲು, ಕಮಾನಿನಂತೆ ವಿಪರೀತ ಬಾಗಿದ ಪಾದ. ತುದಿಗಾಲಿನ ಮೇಲೆ ನಿಂತರೆ ಭಾರವೆಲ್ಲ ಹೆಬ್ಬೆರಳಿನ ಮೇಲೆ ಬೀಳುತ್ತಿತ್ತು. ಜೊತೆಯ ಹುಡುಗಿಯರು ಪೊರಕೆ ಎಂದು ಅಡ್ಡಹೆಸರಿಟ್ಟರು. ಆಕೆ ಅಳುತ್ತ ಕೂರದೆ, ಕಲಿಸುವ ಹೊತ್ತು ಮುಗಿದ ಮೇಲೂ ಅಭ್ಯಾಸ ಮಾಡುತ್ತಿದ್ದಳು.

ಆಗ ಪೀಟರ್ಸ್‌ಬರ್ಗಿನಲ್ಲಿ ಇಟಲಿಯ ನರ್ತಕಿಯರ ಅಬ್ಬರ. ಪಿಯೆರಿನಾ ಲೆನ್ಯಾನಿ ಎಂಬಾಕೆ 1895ರಲ್ಲಿ ಹಂಸ ಸರೋವರ ಬ್ಯಾಲೆಯಲ್ಲಿ ಒಂದೇ ಕಾಲಿನ ಮೇಲೆ ನಿಂತು, ಇನ್ನೊಂದನ್ನು ಚಾಟಿಯಂತೆ ಬೀಸುತ್ತ 32 ಸುತ್ತು ತಿರುಗಿ ಊರನ್ನೇ ಬೆರಗುಗೊಳಿಸಿದ್ದಳು. ಶಾಲೆಯ ಹುಡುಗಿಯರಿಗೆಲ್ಲ ಅದನ್ನೇ ಮಾಡುವ ಹುಚ್ಚು. ಅನ್ನಾ ಕೂಡ ಹಾಗೆ ತಿರುಗಲು ಹೆಣಗುತ್ತಿದ್ದುದು ಗುರು ಪಾವೆಲ್ ಗೆರ್ಟ್ ಅವರ ಕಣ್ಣಿಗೆ ಬಿತ್ತು. ಈ ಸರ್ಕಸ್ಸನ್ನು ಬೇರೆಯವರಿಗೆ ಬಿಡು, ನಿನ್ನ ಪುಟ್ಟ ಪಾದಕ್ಕೆ ಇದು ಸಲ್ಲದು, ನಿನ್ನ ಸೂಕ್ಷ್ಮತೆ ಮತ್ತು ಬಳುಕುವಿಕೆಯೇ ನಿನ್ನ ಆಸ್ತಿ ಎಂಬ ಅರ್ಥದ ಬುದ್ಧಿಮಾತನ್ನು ಅವರು ಹೇಳಿದರು. ಅನ್ನಾಳಿಗೆ ಸಿಕ್ಕಿದ ಅತಿದೊಡ್ಡ ಪಾಠ ಅದೇ ಎಂದು ನನ್ನ ಎಣಿಕೆ. ಪಕ್ಕದ ಮನೆಯ ಹುಡುಗನ ಅಂಕಪಟ್ಟಿ ಹಿಡಿದು ನಮ್ಮ ಮಕ್ಕಳನ್ನು ಅಳೆಯುವವರಿಗೆ ಅಂಥ ಗುರು ಸಿಗುವುದು ಕಷ್ಟ. ಸಿಕ್ಕಿದರೂ ಆತನ ಮಾತು ರುಚಿಸುವುದಿಲ್ಲ.

1899ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಆಕೆ ಶಾಲೆ ಮುಗಿಸಿದಳು. ಅಲ್ಲಿನ ಏರ್ಪಾಡಿನಂತೆ ತೇರ್ಗಡೆಯಾದವರಿಗೆ ಮಾರಿಯಿನ್‌ಸ್ಕಿಯ ತಂಡದಲ್ಲೇ ಸಂಬಳದ ಕೆಲಸ. ಸಾಧಾರಣವಾಗಿ ಸಮೂಹದ ಸಾಲಿನಲ್ಲಿ ನಿಂತು ಶುರುಮಾಡಬೇಕು. ಅನ್ನಾಳನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲೆಯೇ ತೆಗೆದುಕೊಂಡರು. ಆ ವರ್ಷದ ಸೆಪ್ಟೆಂಬರಿನಲ್ಲಿ ಆಕೆಯ ಮೊದಲ ಅಧಿಕೃತ ಪ್ರವೇಶವಾಯಿತು.

ಇನ್ನೇನು, ದಡ ಸೇರಿದಳು ಎಂದು ತಾಯಿಗೆ ಅನ್ನಿಸಿರಬಹುದು. ಆದರೆ ಶಾಲೆಯಲ್ಲಿ ತಪ್ಪಿದರೆ ಗುರು ನಿಲ್ಲಿಸಿ ತಿದ್ದುತ್ತಾನೆ. ರಂಗದಲ್ಲಿ ತಾಳ ಯಾರಿಗಾಗಿಯೂ ಕಾಯುವುದಿಲ್ಲ. ಮೊದಲ ವರ್ಷಗಳಲ್ಲಿ ಆಕೆಯ ನೃತ್ಯದಲ್ಲಿ ತಪ್ಪುಗಳು ಕಾಣುತ್ತಿದ್ದವು. ಮಂಡಿ ಬಾಗಿರುತ್ತಿತ್ತು, ಪಾದ ಸರಿಯಾಗಿ ತಿರುಗಿರುತ್ತಿರಲಿಲ್ಲ. ಒಮ್ಮೆಯಂತೂ ಆವೇಶದಿಂದ ತಿರುಗಿ ತಿರುಗಿ ಹಿಡಿತ ತಪ್ಪಿ, ರಂಗದ ಅಂಚಿನಲ್ಲಿ ಪ್ರಾಂಪ್ಟರ್ ಕೂರುವ ಗೂಡಿನೊಳಕ್ಕೇ ಬಿದ್ದುಬಿಟ್ಟಳು! ಪಾಪ, ಒಳಗಿದ್ದವನ ಗತಿ ಏನಾಯಿತೋ. ಇಷ್ಟಾದರೂ ಜನ ಆಕೆಯನ್ನೇ ನೋಡುತ್ತಿದ್ದರು. ಮುಪ್ಪಿನ ನೃತ್ಯಾಚಾರ್ಯ ಮಾರಿಯುಸ್ ಪೆತಿಪಾ ಅವರ ಕಣ್ಣೂ ಆಕೆಯ ಮೇಲೆ ಬಿತ್ತು. ಅವರು ತಾವು ಕಟ್ಟಿದ ದೊಡ್ಡ ಪಾತ್ರಗಳನ್ನು ಆಕೆಗೆ ಕೊಡತೊಡಗಿದರು. 1903ರಲ್ಲಿ ಜಿಸೆಲ್ ಪಾತ್ರ ಸಿಕ್ಕಿತು. ಮೋಸಹೋಗಿ ಬುದ್ಧಿಭ್ರಮಣೆಯಾಗಿ ಸಾಯುವ ಹಳ್ಳಿ ಹುಡುಗಿ, ಸತ್ತ ಮೇಲೂ ಮೋಸಮಾಡಿದವನನ್ನು ಕಾಪಾಡುತ್ತಾಳೆ. ಆ ನೆರಳಿನಂಥ ಹುಡುಗಿಗೆ ಅನ್ನಾಳ ಸಣಕಲು ಮೈಯೇ ಹೇಳಿಮಾಡಿಸಿದಂತಿತ್ತು.

ಗೆರ್ಟ್ ಅವರ ಮಾತನ್ನು ಆಕೆ ಸೋಮಾರಿತನಕ್ಕೆ ನೆಪ ಮಾಡಿಕೊಳ್ಳಲಿಲ್ಲ ಎಂಬುದನ್ನು ಗಮನಿಸಿ. ತನ್ನಲ್ಲಿ ಬಲ ಸಾಲದು ಎಂದು ಬಲ್ಲವಳಾಗಿ, ಹೆಸರು ಬಂದ ಮೇಲೂ ಮಿಲಾನಿಗೆ ಹೋಗಿ ಕಲಿತಳು. ಹಿಂದಿರುಗಿ ಬಂದು ಇಟಲಿಯ ಎನ್ರಿಕೊ ಚೆಕೆಟ್ಟಿ ಎಂಬ ಕಟ್ಟುನಿಟ್ಟಿನ ಗುರುವಿನಲ್ಲಿ ಖಾಸಗಿಯಾಗಿ ಪಾಠ ಹೇಳಿಸಿಕೊಂಡಳು. ಯಾವ ಇಟಲಿಯವರನ್ನು ಅನುಕರಿಸಬೇಡ ಎಂದಿದ್ದರೋ ಅವರ ಬಲವನ್ನು ಅವರಿಂದಲೇ ಕಲಿತು ತನ್ನ ರೀತಿಗೆ ಬಳಸಿಕೊಂಡಳು. ಪಾದದ ತೊಂದರೆಗೂ ಉಪಾಯ ಹುಡುಕಿದಳು. ನೃತ್ಯದ ಪಾದರಕ್ಷೆಯ ಅಡಿಗೆ ಗಟ್ಟಿ ಚರ್ಮದ ತುಂಡು ಸೇರಿಸಿ, ಬೆರಳು ತುದಿಯ ಭಾಗವನ್ನು ಗಡುಸು ಮಾಡಿಕೊಂಡಳು. ಇದು ಮೋಸ ಎಂದು ಕೆಲವರು ಆಡಿಕೊಂಡರು. ಇಂದು ಬ್ಯಾಲೆ ಕಲಿಯುವ ಹುಡುಗಿಯರು ಹಾಕಿಕೊಳ್ಳುವ ಪಾದರಕ್ಷೆ ಹೆಚ್ಚುಕಡಿಮೆ ಅದೇ ಬಗೆಯದು.

1906ರಲ್ಲಿ ಆಕೆಗೆ ತಂಡದ ಅತ್ಯುನ್ನತ ಪದವಿ ಸಿಕ್ಕಿತು. ಅದೇ ಕಾಲದಲ್ಲಿ ಮಿಹಾಯಿಲ್ ಫೋಕಿನ್ ಎಂಬ ಯುವ ಸಹನರ್ತಕ, ಫ್ರಾನ್ಸಿನ ಸೇನ್-ಸಾನ್ಸ್ ಅವರ ಸಂಗೀತಕ್ಕೆ ಆಕೆಗೆಂದೇ ಸಣ್ಣದೊಂದು ನೃತ್ಯ ಕಟ್ಟಿಕೊಟ್ಟ. ಮೂರು ನಾಲ್ಕು ನಿಮಿಷದ ಕೆಲಸ ಅಷ್ಟೇ. ಅದರಲ್ಲಿ ಎತ್ತರದ ನೆಗೆತವಿಲ್ಲ, 32 ಸುತ್ತುಗಳಿಲ್ಲ. ತುದಿಗಾಲಿನ ಪುಟ್ಟ ಹೆಜ್ಜೆಗಳಲ್ಲಿ ತೇಲುವ ಹಂಸವೊಂದು ಸಾವಿನೊಂದಿಗೆ ಹೋರಾಡಿ, ರೆಕ್ಕೆ ಮಡಚಿ ಕೊನೆಗೆ ಒರಗುತ್ತದೆ. ಮುಂದೆ ಸಾಯುವವರೆಗೂ ಆಕೆ ಅದನ್ನು ಸಾವಿರಾರು ಸಲ ಕುಣಿದಳು.

ಇಲ್ಲಿ ಅದೇ ಶಾಲೆಯ ಇನ್ನೊಬ್ಬಳನ್ನೂ ನೆನೆಯಬೇಕು. ಅಗ್ರಿಪ್ಪಿನಾ ವಾಗನೊವಾ ಎಂಬಾಕೆ ಅನ್ನಾಳಿಗಿಂತ ಎರಡು ವರ್ಷ ಮೊದಲು, 1897ರಲ್ಲಿ ಶಾಲೆ ಮುಗಿಸಿದಳು. ಕುಶಲತೆಯಲ್ಲಿ ಅನ್ನಾಳಿಗಿಂತ ಬಲಿಷ್ಠೆ. ಆದರೂ ಮುಖ್ಯ ನರ್ತಕಿಯ ಪದವಿ ಬಂದದ್ದು 1915ರಲ್ಲಿ, ನಿವೃತ್ತಿಗೆ ಒಂದೇ ವರ್ಷ ಇರುವಾಗ. ಆಮೇಲೆ ಆಕೆ ಕಲಿಸಲು ನಿಂತಳು. ರಷ್ಯದ ಬ್ಯಾಲೆ ಶಿಕ್ಷಣವೆಲ್ಲ ಆಕೆಯ ಪದ್ಧತಿಯ ಮೇಲೆ ನಿಂತಿತು; ಆ ಹಳೆಯ ಶಾಲೆಗೆ ಇಂದು ಇರುವುದು ವಾಗನೊವಾಳ ಹೆಸರೇ, ಪಾವ್ಲೊವಾಳದ್ದಲ್ಲ. ಒಂದೇ ಕಂಬಿ ಹಿಡಿದು ಕಲಿತವರು ಎರಡು ದಾರಿಯಲ್ಲಿ ಹೋದರು.

ಓದುಗರೇ, ಈಗ ಒಂದು ಕಠಿಣ ನಿರ್ಧಾರದ ಮಾತು. ಮಾರಿಯಿನ್‌ಸ್ಕಿಯಲ್ಲಿ ಇಪ್ಪತ್ತು ವರ್ಷ ಸೇವೆ ಸಲ್ಲಿಸಿದರೆ ಸರ್ಕಾರದ ಪಿಂಚಣಿ ಸಿಗುತ್ತಿತ್ತು. ಬಟ್ಟೆ ಒಗೆಯುವವಳ ಮಗಳಿಗೆ ಅದಕ್ಕಿಂತ ಭದ್ರತೆ ಬೇಕೇ? ಆದರೆ 1908ರಲ್ಲಿ ಆಕೆ ಮೊದಲ ಬಾರಿ ಹೊರನಾಡಿನ ಪ್ರವಾಸಕ್ಕೆ ಹೋಗಿ ರೀಗಾ, ಸ್ಟಾಕ್‌ಹೋಮ್, ಕೋಪನ್‌ಹೇಗನ್, ಬರ್ಲಿನ್ ನಗರಗಳಲ್ಲಿ ಕುಣಿದಳು. 1909ರಲ್ಲಿ ಪ್ಯಾರಿಸ್ಸಿನಲ್ಲಿ ದ್ಯಾಗಿಲೆವ್ ಅವರ ಹೆಸರಾಂತ ತಂಡದಲ್ಲಿ ನಿಜಿನ್‌ಸ್ಕಿಯ ಜೊತೆ ಕಾಣಿಸಿಕೊಂಡಳು. 1910ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್. ದ್ಯಾಗಿಲೆವ್ ಅವರ ಹೊಸ ಬಗೆಯ ಸಂಗೀತ ಆಕೆಗೆ ಹಿಡಿಸಲಿಲ್ಲ, ಆ ತಂಡದಲ್ಲಿ ನಿಲ್ಲಲಿಲ್ಲ. 1912ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಎಂಬಲ್ಲಿ ಐವಿ ಹೌಸ್ ಎಂಬ ಮನೆ ಕೊಂಡಳು. ಅಲ್ಲಿನ ಕೊಳದಲ್ಲಿ ನಿಜವಾದ ಹಂಸಗಳನ್ನೇ ಸಾಕಿದಳು. 1913ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಪಿಂಚಣಿಗೆ ಕೆಲವೇ ವರ್ಷ ಉಳಿದಿರುವಾಗ, ಮಾರಿಯಿನ್‌ಸ್ಕಿಗೆ ರಾಜೀನಾಮೆ ಕೊಟ್ಟಳು.

ಇದನ್ನು ಸರಿ ಎನ್ನಬೇಕೇ, ತಪ್ಪು ಎನ್ನಬೇಕೇ? ನನ್ನನ್ನು ಯಾರಾದರೂ ಸಲಹೆ ಕೇಳಿದ್ದರೆ ಬಹುಶಃ ಸ್ವಲ್ಪ ತಡೆ ಎನ್ನುತ್ತಿದ್ದೆ. ಮರುವರ್ಷ ಮಹಾಯುದ್ಧ ಬಂತು, 1917ರಲ್ಲಿ ಕ್ರಾಂತಿಯಾಗಿ ಚಕ್ರವರ್ತಿಯ ಆಳ್ವಿಕೆಯೇ ಉರುಳಿಹೋಯಿತು. ಭದ್ರ ಎಂದುಕೊಂಡದ್ದು ಉಳಿಯಲಿಲ್ಲ. ಹಾಗೆಂದು ಆಕೆಯ ನಿರ್ಧಾರಕ್ಕೆ ಬೆಲೆ ತೆರಬೇಕಾಗಲಿಲ್ಲ ಎಂದಲ್ಲ. 1914ರ ನಂತರ ಆಕೆ ತಾಯ್ನಾಡಿನಲ್ಲಿ ಮತ್ತೆ ಕುಣಿಯಲೇ ಇಲ್ಲ. ಸ್ವಂತ ತಂಡ ಎಂದರೆ ಹತ್ತಾರು ಜನರ ಸಂಬಳ, ರೈಲು ಹಡಗುಗಳ ಖರ್ಚು, ಮೂಟೆಗಟ್ಟಲೆ ಉಡುಪು. ಒಂದು ವಾರ ಕುಣಿಯದಿದ್ದರೆ ಅಷ್ಟೂ ಜನರ ಊಟಕ್ಕೆ ತತ್ವಾರ. ಅದಕ್ಕಾಗಿ ಸಂಗೀತ ಮಂದಿರಗಳಲ್ಲಿ ಹಾಸ್ಯಗಾರರ, ಜಾದೂಗಾರರ ನಡುವೆಯೂ ಕುಣಿದಳು. ಮೆಕ್ಸಿಕೋದಲ್ಲಿ ಗೂಳಿಕಾಳಗದ ಅಂಗಳದಲ್ಲೂ ಕುಣಿದಳು. ದೊಡ್ಡವರು ಇದನ್ನು ಕಂಡು ಮೂಗು ಮುರಿದರು. ಆದರೆ ಬ್ಯಾಲೆ ಎಂಬ ಮಾತನ್ನೇ ಕೇಳದ ಊರುಗಳಿಗೆ ಅದನ್ನು ಕೊಂಡೊಯ್ದವಳು ಆಕೆ. 1917ರಲ್ಲಿ ದಕ್ಷಿಣ ಅಮೆರಿಕದ ಲೀಮಾ ಪಟ್ಟಣದಲ್ಲಿ ಆಕೆಯನ್ನು ನೋಡಿದ ಫ್ರೆಡ್ರಿಕ್ ಆಷ್ಟನ್ ಎಂಬ ಇಂಗ್ಲಿಷ್ ಹುಡುಗ ಅಂದೇ ತನ್ನ ಬಾಳಿನ ದಾರಿ ನಿಶ್ಚಯಿಸಿಕೊಂಡ. ಮುಂದೆ ಇಂಗ್ಲೆಂಡಿನ ರಾಯಲ್ ಬ್ಯಾಲೆಯನ್ನು ಬೆಳೆಸಿದ ನೃತ್ಯ ಸಂಯೋಜಕರಲ್ಲಿ ಆತ ಅಗ್ರಗಣ್ಯ.

ಆಕೆ ಸಂತಳೇನೂ ಅಲ್ಲ. ಮುಂಗೋಪಿ. ಜೊತೆಗಾರ ನರ್ತಕ ಮೋರ್ದ್‌ಕಿನ್‌ನೊಂದಿಗೆ ಜಗಳವಾಡಿ ಬೇರೆಯಾದಳು. ತಂಡದಲ್ಲಿ ತನಗಿಂತ ಇನ್ನೊಬ್ಬರು ಮಿಂಚುವುದು ಸಹಿಸದು. ಆಕೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ ವಿಕ್ತೋರ್ ದಾಂದ್ರೆ ತಾವು ಮದುವೆಯಾಗಿದ್ದೆವೆಂದು ಹೇಳಿದರೂ ಅದಕ್ಕೆ ದಾಖಲೆ ತೋರಿಸಲಾಗಲಿಲ್ಲ. ಮಕ್ಕಳಾಗಲಿಲ್ಲ. ಅದೇ ಹೆಂಗಸು ಕ್ರಾಂತಿಯ ನಂತರ ಹಸಿದಿದ್ದ ತನ್ನ ಹಳೆಯ ಸಹನರ್ತಕರಿಗೆ ಹಣ ಮತ್ತು ಆಹಾರದ ಪೊಟ್ಟಣಗಳನ್ನು ಕಳುಹಿಸುತ್ತಿದ್ದಳು. 1920ರ ದಶಕದ ಆರಂಭದಲ್ಲಿ ಪ್ಯಾರಿಸ್ ಬಳಿಯ ಸೇನ್ ಕ್ಲೂ ಎಂಬಲ್ಲಿ, ರಷ್ಯದಿಂದ ಓಡಿಬಂದ ಅನಾಥ ಹೆಣ್ಣುಮಕ್ಕಳಿಗಾಗಿ ಒಂದು ಮನೆ ತೆರೆದು ಸಾಕಿದಳು. ಒಬ್ಬಳೇ ಮನುಷ್ಯಳಲ್ಲಿ ಎರಡೂ ಇರುತ್ತವೆ. ಪಾಪನಿವೇದನೆಯ ಪೀಠದಲ್ಲಿ ಕೂರುವವನಿಗೆ ಇದು ಹೊಸದಲ್ಲ.

ನಮ್ಮ ದೇಶಕ್ಕೂ ಆಕೆ ಎರಡು ಬಾರಿ ಬಂದಳು. 1922ರಲ್ಲಿ ಬಂದಾಗ ಇಲ್ಲಿನ ಹಳೆಯ ನೃತ್ಯವನ್ನು ನೋಡಬೇಕೆಂದು ಆಕೆಗೆ ಬಹಳ ಆಸೆ. ಆದರೆ ತೋರಿಸುವವರು ಸಿಗಲಿಲ್ಲ. ದೇವಸ್ಥಾನದ ನರ್ತಕಿಯರ ಬದುಕಿಗೆ ಕಳಂಕ ಅಂಟಿ, ಓದಿದವರು ಆ ಕಲೆಯ ಹೆಸರೆತ್ತಲೂ ನಾಚುತ್ತಿದ್ದ ಕಾಲವದು. ನಮ್ಮ ಮೈಸೂರು ಸಂಸ್ಥಾನ 1909ರಲ್ಲೇ ತನ್ನ ಆಡಳಿತದ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಹೆಣ್ಣುಮಕ್ಕಳ ಶೋಷಣೆ ನಿಲ್ಲಬೇಕಾದದ್ದೇ. ಅದರ ಜೊತೆಗೆ ಕಲೆಯೂ ಮೂಲೆಗೆ ಬಿತ್ತು. ಲಂಡನ್ನಿಗೆ ಹಿಂದಿರುಗಿದ ಪಾವ್ಲೊವಾ 1923ರಲ್ಲಿ ಭಾರತದ ವಸ್ತುವುಳ್ಳ ನೃತ್ಯಗಳನ್ನು ರಂಗಕ್ಕೆ ತಂದಳು. ಅದಕ್ಕಾಗಿ ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದ ಉದಯಶಂಕರ್ ಎಂಬ ಯುವಕನನ್ನು ಕರೆಸಿ, ಆತ ಕೃಷ್ಣ, ತಾನು ರಾಧೆ ಎಂದು ಕುಣಿದಳು. ಆತ ತನಗೂ ಬ್ಯಾಲೆ ಕಲಿಸಿ ಎಂದಾಗ, ನಿನ್ನ ನಾಡಿನಲ್ಲೇ ಬೇಕಾದಷ್ಟಿದೆ, ಅಲ್ಲಿಗೆ ಹೋಗು ಎಂದು ತಿರುಗಿಸಿದಳಂತೆ. ಎರಡನೆಯ ಭೇಟಿಯ ಹೊತ್ತಿಗೆ, 1928ರಲ್ಲಿ, ಮುಂಬಯಿಯಲ್ಲಿ ಆಕೆಯ ನೃತ್ಯ ನೋಡಿದವರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಒಬ್ಬರು. ಆಮೇಲೆ ಆಸ್ಟ್ರೇಲಿಯಕ್ಕೆ ಹೋಗುವ ಹಡಗಿನಲ್ಲಿ ಇಬ್ಬರಿಗೂ ಸ್ನೇಹವಾಯಿತು. ಪಾವ್ಲೊವಾ ತನ್ನ ತಂಡದ ಕ್ಲಿಯೊ ನೋರ್ದಿ ಎಂಬಾಕೆಯಿಂದ ಅವರಿಗೆ ಬ್ಯಾಲೆ ಪಾಠ ಹೇಳಿಸಿದಳು. ಅವರಿಗೂ ಕೊನೆಗೆ ಕೊಟ್ಟ ಸಲಹೆ ಅದೇ, ಸ್ವಂತ ನಾಡಿನ ಕಲೆಯನ್ನು ಹುಡುಕು ಎಂದು. ರುಕ್ಮಿಣೀದೇವಿ ಮದರಾಸಿನಲ್ಲಿ ಭರತನಾಟ್ಯ ಕಲಿತು 1935ರಲ್ಲಿ ರಂಗ ಏರಿದರು, 1936ರಲ್ಲಿ ಕಲಾಕ್ಷೇತ್ರ ಸ್ಥಾಪಿಸಿದರು. ಇಂದು ನಮ್ಮ ಮಕ್ಕಳು ಶಾಲೆಯ ವಾರ್ಷಿಕೋತ್ಸವದಲ್ಲಿ ಯಾವ ಅಳುಕೂ ಇಲ್ಲದೆ ಭರತನಾಟ್ಯ ಮಾಡುತ್ತಾರಲ್ಲ, ಅದರ ಹಿಂದೆ ಆ ಹಡಗಿನ ಮಾತುಕತೆಯೂ ಇಷ್ಟು ಇದೆ.

ಐವತ್ತು ಹತ್ತಿರವಾದರೂ ಅನ್ನಾ ನಿಲ್ಲಲಿಲ್ಲ. ಮಂಡಿ ನೋಯುತ್ತಿತ್ತು. ದಿನದ ಪ್ರವಾಸ ಎಷ್ಟೇ ದೂರದ್ದಾಗಿರಲಿ, ಊರು ಸೇರಿದ ಮೇಲೆ ಕಂಬಿ ಹಿಡಿದು ಹತ್ತು ವರ್ಷದ ಹುಡುಗಿಯಾಗಿ ಕಲಿತ ಅದೇ ಅಭ್ಯಾಸ ನಡೆಯಲೇಬೇಕು. ಶಾಲೆ ಆಕೆಯನ್ನು 1899ರಲ್ಲಿ ಬಿಟ್ಟಿತ್ತು. ಆಕೆ ಶಾಲೆಯನ್ನು ಬಿಟ್ಟಿರಲಿಲ್ಲ. 1931ರ ಜನವರಿಯಲ್ಲಿ ಫ್ರಾನ್ಸಿನಲ್ಲಿ ರಜೆ ಮುಗಿಸಿ ಹಾಲೆಂಡಿನ ಹೇಗ್ ನಗರಕ್ಕೆ ಹೊರಟಾಗ ದಾರಿಯಲ್ಲಿ ಚಳಿ ತಗುಲಿತು. ಶ್ವಾಸಕೋಶದ ಪೊರೆಗೆ ಉರಿಯೂತವಾಗಿ ಜ್ವರ ಏರಿತು. ಶಸ್ತ್ರಚಿಕಿತ್ಸೆ ಮಾಡಿದರೆ ಮತ್ತೆ ಕುಣಿಯಲಾಗದು ಎಂದು ತಿಳಿದು ಬೇಡವೆಂದಳು ಎಂದು ಹೇಳುತ್ತಾರೆ. ಜನವರಿ 23ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಹೋಟೆಲಿನ ಕೋಣೆಯಲ್ಲಿ ತೀರಿಹೋದಳು. ಐವತ್ತು ತುಂಬಲು ಇನ್ನು ಇಪ್ಪತ್ತು ದಿನವಿತ್ತು. ತಾಯಿ ಆಗಿನ್ನೂ ರಷ್ಯದಲ್ಲಿ ಬದುಕಿದ್ದಳು.

ಕೆಲವು ದಿನಗಳಲ್ಲೇ ಲಂಡನ್ನಿನ ಒಂದು ನಾಟಕಶಾಲೆಯಲ್ಲಿ ಬ್ಯಾಲೆ ಪ್ರದರ್ಶನವಿತ್ತು. ನಡುವೆ ವಾದ್ಯದವರು ಹಂಸದ ರಾಗವನ್ನು ನುಡಿಸತೊಡಗಿದರು. ತೆರೆ ಮೇಲಕ್ಕೆ ಹೋಯಿತು. ರಂಗದ ಮೇಲೆ ಯಾರೂ ಬರಲಿಲ್ಲ. ದೀಪದ ಒಂದು ಬೆಳಕು ಮಾತ್ರ, ಆಕೆ ಹೆಜ್ಜೆ ಹಾಕುತ್ತಿದ್ದ ಜಾಗಗಳಲ್ಲಿ, ಖಾಲಿ ನೆಲದ ಮೇಲೆ ನಿಧಾನವಾಗಿ ಸುಳಿದಾಡಿತು. ಸಭೆಯಲ್ಲಿದ್ದವರು ಎದ್ದು ನಿಂತರು, ರಾಗ ಮುಗಿಯುವವರೆಗೂ ಹಾಗೆಯೇ ನಿಂತಿದ್ದರು.